ಕಣದ ಮೈಮೇಲಿನ ಪೊರೆ: ಇ-ಶಾಯಿಗೆ ಬಣ್ಣ ಬರಲು ಇಷ್ಟು ತಡವಾದದ್ದೇಕೆ?

ಅಮೆಜಾನ್ ಕಂಪನಿಯ ಇ-ರೀಡರ್, ಅಂದರೆ ಪುಸ್ತಕ ಓದುವ ಸಾಧನವಾದ ಕಿಂಡಲ್, ಮೊದಲು ಮಾರಾಟಕ್ಕೆ ಬಂದದ್ದು 2007ರ ನವೆಂಬರಿನಲ್ಲಿ. ಅದೇ ಸಾಲಿನಲ್ಲಿ ಬಣ್ಣದ ಪರದೆಯ ಸಾಧನ ಬಂದದ್ದು 2024ರ ಅಕ್ಟೋಬರಿನಲ್ಲಿ. ನಡುವೆ ಹದಿನೇಳು ವರ್ಷ ಕಳೆದವು. ಅಷ್ಟರಲ್ಲಿ ನಮ್ಮ ಕೈಯ ಫೋನಿನ ಪರದೆಗಳು ಎಲ್ಲಿಂದ ಎಲ್ಲಿಗೋ ಹೋಗಿದ್ದವು. ಇ-ರೀಡರಿನ ಬಣ್ಣ ಮಾತ್ರ ಇವತ್ತಿಗೂ ಹತ್ತು ಸಲ ಒಗೆದ ಸೀರೆಯಂತೆ ಮಾಸಲು. ಪುಟ ತಿರುಗಿಸಿದರೆ ಪರದೆ ಒಮ್ಮೆ ಕಪ್ಪಾಗಿ, ಬೆಳ್ಳಗಾಗಿ, ಆಮೇಲೆ ಚಿತ್ರ ಮೂಡುತ್ತದೆ.

ಏಕೆ ಹೀಗೆ ಎಂದು ಕೇಳಿದರೆ ಹೆಚ್ಚಿನವರು ಪ್ರೊಸೆಸರ್ ನಿಧಾನ ಎನ್ನುತ್ತಾರೆ, ಇಲ್ಲವೇ ಬ್ಯಾಟರಿ ಉಳಿಸಲು ಹಾಗೆ ಮಾಡಿದ್ದಾರೆ ಎನ್ನುತ್ತಾರೆ. ಎರಡೂ ಸರಿಯಲ್ಲ. ಪರದೆಯ ಹಿಂದಿನ ಸರ್ಕ್ಯೂಟು ಎಂದೋ ಸಿದ್ಧವಾಗಿತ್ತು. ತಡವಾದದ್ದು ಒಂದು ಪುಡಿಯ ತಯಾರಿ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ಪುಡಿಯ ಪ್ರತಿ ಕಣದ ಮೈಮೇಲೆ ಕೂರಬೇಕಾದ, ಕೆಲವೇ ನ್ಯಾನೊಮೀಟರ್ ದಪ್ಪದ ಒಂದು ಪೊರೆ. ಇಂಥ ಪರದೆಗಳ ಒಳಗಿರುವ ಇ-ಶಾಯಿಯ ವೇಗ, ಬಣ್ಣ, ಬಾಳಿಕೆ, ಕೊನೆಗೆ ಬೆಲೆ ಕೂಡ ಈ ಪೊರೆಯ ಮೇಲೆ ನಿಂತಿದೆ ಎನ್ನುವುದು ನನ್ನ ವಾದ.

ಮೊದಲು ಪರದೆಯನ್ನು ಹತ್ತಿರದಿಂದ ನೋಡೋಣ. ಅರವತ್ತು ಪಟ್ಟು ಹಿಗ್ಗಿಸಿ ತೋರಿಸುವ ಜೇಬಿನ ಮೈಕ್ರೋಸ್ಕೋಪ್ ಒಂದನ್ನು ಹಳೆಯ ಇ-ರೀಡರಿನ ಮೇಲಿಟ್ಟರೆ ಸಾಕು. ಬರಿಗಣ್ಣಿಗೆ ನುಣುಪಾಗಿ ಕಾಣುವ ‘ಕ್ಷ’ ಅಕ್ಷರದ ಅಂಚು ಅಲ್ಲಿ ಒಡ್ಡೊಡ್ಡಾಗಿ ಕಾಣುತ್ತದೆ. ತಟ್ಟೆಯಲ್ಲಿ ರವೆ ಹರಡಿದ ಹಾಗೆ ಒತ್ತೊತ್ತಾಗಿ ಗುಂಡನೆಯ ಕ್ಯಾಪ್ಸೂಲುಗಳು. ಒಂದೊಂದರ ಅಡ್ಡಳತೆ ಸುಮಾರು 40 ಮೈಕ್ರಾನ್, ಅಂದರೆ ತೆಳುವಾದ ಕೂದಲೆಳೆಯಷ್ಟು. ಅಂಗುಲಕ್ಕೆ 300 ಚುಕ್ಕಿಗಳ ಪರದೆಯಲ್ಲಿ ಒಂದು ಚುಕ್ಕಿ 85 ಮೈಕ್ರಾನ್ ಇರುತ್ತದೆ. ಚುಕ್ಕಿಯ ಗಡಿಗೂ ಕ್ಯಾಪ್ಸೂಲಿನ ಗಡಿಗೂ ಸಂಬಂಧವಿಲ್ಲ. ಹಾಗಾಗಿ ಅಕ್ಷರದ ಅಂಚಿನಲ್ಲಿರುವ ಕ್ಯಾಪ್ಸೂಲು ಅರ್ಧ ಕಪ್ಪು, ಅರ್ಧ ಬಿಳಿ.

ಪ್ರತಿ ಕ್ಯಾಪ್ಸೂಲಿನ ಒಳಗೆ ತಿಳಿಯಾದ ಎಣ್ಣೆ, ಸೀಮೆಎಣ್ಣೆಯ ಜಾತಿಯ ಹೈಡ್ರೋಕಾರ್ಬನ್. ಅದರಲ್ಲಿ ಎರಡು ಪುಡಿಗಳು. ಬಿಳಿಯದು ಟೈಟಾನಿಯಂ ಡೈಆಕ್ಸೈಡ್, ನಮ್ಮ ಗೋಡೆಯ ಪೇಂಟಿಗೆ ಬಿಳುಪು ಕೊಡುವುದೂ ಅದೇ. ಕಪ್ಪಿಗೆ ಕಾರ್ಬನ್ ಬ್ಲ್ಯಾಕ್, ಅಂದರೆ ದೀಪದ ಕಾಡಿಗೆಯ ಕಾರ್ಖಾನೆ ರೂಪ. ಒಂದಕ್ಕೆ ಧನ ವಿದ್ಯುದಂಶ, ಇನ್ನೊಂದಕ್ಕೆ ಋಣ. ಹಿಂದಿನಿಂದ ಸುಮಾರು 15 ವೋಲ್ಟ್ ಕೊಟ್ಟರೆ ಒಂದು ಮೇಲೇಳುತ್ತದೆ, ಮತ್ತೊಂದು ಕೆಳಗಿಳಿಯುತ್ತದೆ. ವಿದ್ಯುತ್ ನಿಲ್ಲಿಸಿದರೂ ಎಲ್ಲಿದ್ದವೋ ಅಲ್ಲೇ ನಿಲ್ಲುತ್ತವೆ. ತತ್ವ ಇಷ್ಟೇ.

ಇದು 1970ರ ದಶಕದಲ್ಲೇ ಗೊತ್ತಿತ್ತು. ಜಪಾನಿನ ಮಾತ್ಸುಶಿತಾ ಕಂಪನಿಯಲ್ಲಿ ಇಸಾವೊ ಓಟಾ ಮತ್ತು ಸಂಗಡಿಗರು ಬಣ್ಣದ ದ್ರವದಲ್ಲಿ ಬಿಳಿ ಕಣಗಳನ್ನು ವಿದ್ಯುತ್ತಿನಿಂದ ಓಡಿಸುವ ಫಲಕ ಮಾಡಿ ತೋರಿಸಿದ್ದರು. ಅದು ಬಾಳಲಿಲ್ಲ. ಕಣಗಳು ಗಂಟು ಕಟ್ಟಿದವು, ತಳ ಸೇರಿದವು, ಪಕ್ಕಕ್ಕೆ ಸರಿದು ಮೂಲೆಯಲ್ಲಿ ಗುಡ್ಡೆಯಾದವು. 1998ರಲ್ಲಿ ಅಮೆರಿಕದ ಎಂಐಟಿಯ ಜೋಸೆಫ್ ಜೇಕಬ್‌ಸನ್, ಬ್ಯಾರೆಟ್ ಕೊಮಿಸ್ಕಿ, ಜೆ. ಡಿ. ಆಲ್ಬರ್ಟ್ ಮತ್ತು ಯೋಶಿಜಾವಾ ಅವರ ಪ್ರಬಂಧ ‘ನೇಚರ್’ ಪತ್ರಿಕೆಯಲ್ಲಿ ಬಂತು. ಇಡೀ ಫಲಕಕ್ಕೆ ಒಂದೇ ಕೆರೆ ಮಾಡುವ ಬದಲು ಅವರು ಲಕ್ಷಾಂತರ ಪುಟ್ಟ ಹೊಂಡಗಳನ್ನು ಮಾಡಿದರು. ಆ ಬಗೆಯ ಕ್ಯಾಪ್ಸೂಲಿನ ಗೋಡೆ ಕಟ್ಟಲು ಬಳಸುವುದು ಜೆಲಟಿನ್ ಮತ್ತು ಗೋಂದು, ನಮ್ಮ ಕರಿಜಾಲಿಯ ನೆಂಟನಾದ ಆಫ್ರಿಕಾದ ಮರವೊಂದರ ಅಂಟು. ಕಣಗಳು ಹೊಂಡದಾಚೆ ಹೋಗಲಾರವು, ಆದ್ದರಿಂದ ಮೂಲೆ ಸೇರುವ ರೋಗ ವಾಸಿಯಾಯಿತು.

ಇ-ಶಾಯಿಯ ಕಥೆ ಹೇಳುವವರೆಲ್ಲ ಇಲ್ಲಿಗೆ ನಿಲ್ಲಿಸುತ್ತಾರೆ, ಕ್ಯಾಪ್ಸೂಲೇ ಕಥಾನಾಯಕ. ನನಗೆ ಇದು ಅರ್ಧ ಕಥೆ ಅನ್ನಿಸುತ್ತದೆ. ಹೊಂಡ ಎಷ್ಟೇ ಚಿಕ್ಕದಿರಲಿ, ಅದರೊಳಗಿನ ಕಣಗಳು ಗಂಟು ಕಟ್ಟಿದರೆ ಮುಗಿಯಿತು.

ಕುದಿಯುವ ನೀರಿಗೆ ಒಮ್ಮೆಲೇ ರಾಗಿ ಹಿಟ್ಟು ಸುರಿದರೆ ಏನಾಗುತ್ತದೆಂದು ಮುದ್ದೆ ಕಟ್ಟಿದವರಿಗೆ ಗೊತ್ತು. ಒಮ್ಮೆ ಗಂಟಾದದ್ದನ್ನು ಒಡೆಯುವುದು ಕಷ್ಟ. ಅಲ್ಲಿನ ಕಾರಣ ಬೇರೆ, ಪಾಡು ಅದೇ. ಬಿಳಿ ಕಣದ ಅಳತೆ 0.2ರಿಂದ 0.3 ಮೈಕ್ರಾನ್. ಬೆಳಕಿನ ಅಲೆಯ ಅರ್ಧದಷ್ಟಿರುವ ಈ ಗಾತ್ರದಲ್ಲೇ ಟೈಟಾನಿಯಂ ಡೈಆಕ್ಸೈಡ್ ಬೆಳಕನ್ನು ಅತಿ ಚೆನ್ನಾಗಿ ಚದುರಿಸಿ ಬೆಳ್ಳಗೆ ಕಾಣುವುದು, ಆದ್ದರಿಂದ ಗಾತ್ರ ಬದಲಿಸುವ ಹಾಗಿಲ್ಲ. ಇಷ್ಟು ಸಣ್ಣ ಕಣಗಳು ಹತ್ತಿರ ಬಂದರೆ ಅಣುಗಳ ನಡುವಿನ ಸೆಳೆತವೇ ಅವನ್ನು ಅಂಟಿಸಿಬಿಡುತ್ತದೆ. ನೀರಿನಲ್ಲಿ ಇದಕ್ಕೆ ಸುಲಭದ ಉಪಾಯವಿದೆ: ಎಲ್ಲ ಕಣಗಳಿಗೂ ಒಂದೇ ವಿದ್ಯುದಂಶ ಕೊಟ್ಟರೆ ಒಂದನ್ನೊಂದು ದೂರ ತಳ್ಳುತ್ತವೆ. ಎಣ್ಣೆಯಲ್ಲಿ ಆ ಉಪಾಯ ಅಷ್ಟು ಸಲೀಸಲ್ಲ. ಕೂಡಿಕೊಂಡ ಧನ–ಋಣ ಅಂಶಗಳು ಬಿಡಿಬಿಡಿಯಾಗಲು ನೀರಿನಲ್ಲಿ 0.7 ನ್ಯಾನೊಮೀಟರ್ ದೂರ ಸರಿದರೆ ಸಾಕು, ಇಂಥ ಎಣ್ಣೆಯಲ್ಲಿ ಸುಮಾರು 28 ನ್ಯಾನೊಮೀಟರ್ ಸರಿಯಬೇಕು. ಮೇಲಾಗಿ ಇ-ಶಾಯಿಯಲ್ಲಿ ಕಪ್ಪಿಗೂ ಬಿಳಿಗೂ ವಿರುದ್ಧ ವಿದ್ಯುದಂಶ ಬೇಕು, ಅಂದರೆ ಅವು ತಾವಾಗಿಯೇ ಒಂದನ್ನೊಂದು ಸೆಳೆಯುತ್ತವೆ. ಉಳಿಯುವ ದಾರಿ ಒಂದೇ, ಕಣಕ್ಕೆ ಕೂದಲು ಬೆಳೆಸುವುದು.

ಈ ದಾರಿ ನಮ್ಮ ಹಿರಿಯರಿಗೆ ಹೊಸದಲ್ಲ. ಮಸಿ ಮಾಡುವವರು ದೀಪದ ಕಾಡಿಗೆಯನ್ನು ಬರೀ ನೀರಿಗೆ ಹಾಕುತ್ತಿರಲಿಲ್ಲ, ಹಾಕಿದರೆ ಅದು ಗಂಟುಗಂಟಾಗಿ ತೇಲುತ್ತದೆ. ಗೋಂದು ಸೇರಿಸಿ ಗಂಟೆಗಟ್ಟಲೆ ಅರೆಯುತ್ತಿದ್ದರು. ಕರ್ನಾಟಕದ ಕಡತಗಳಲ್ಲಿ, ಅಂದರೆ ಬಳಪದಿಂದ ಬರೆದು ಅಳಿಸಿ ಮತ್ತೆ ಬರೆಯುತ್ತಿದ್ದ ಆ ಕಪ್ಪು ಬಟ್ಟೆಯ ಮಡಿಕೆಗಳಲ್ಲಿ, ಇದ್ದಿಲಿನ ಪುಡಿಯನ್ನು ಹಿಡಿದಿಟ್ಟದ್ದು ಹುಣಸೆ ಬೀಜದ ಸರಿ. ಮಸಿಯಲ್ಲಿ ಗೋಂದಿನ ಉದ್ದನೆಯ ಅಣುಗಳು ಕಾಡಿಗೆ ಕಣವನ್ನು ಹಿಡಿದುಕೊಂಡು ಬಾಲವನ್ನು ನೀರಿನಲ್ಲಿ ಆಡಿಸುತ್ತಿರುತ್ತವೆ. ಎರಡು ಕಣಗಳು ಎದುರಾದಾಗ ಬಾಲಗಳು ಬಾಲಗಳಿಗೆ ತಗುಲಿ ಹಿಂದೆ ಸರಿಯುತ್ತವೆ, ಮೈಗೆ ಮೈ ತಾಗುವುದಿಲ್ಲ. ಇ-ಶಾಯಿಯ ರಸಾಯನವೂ ತಳದಲ್ಲಿ ಇದೇ.

ವ್ಯತ್ಯಾಸ ಎಲ್ಲಿ ಬಂತೆಂದರೆ, ಮಸಿ ಒಮ್ಮೆ ಒಣಗಿದರೆ ಅದರ ಕೆಲಸ ಮುಗಿಯಿತು. ಇ-ಶಾಯಿ ಒಣಗುವುದೇ ಇಲ್ಲ. ಅದೇ ಕಣ ಲಕ್ಷಗಟ್ಟಲೆ ಸಲ ಮೇಲೆ ಕೆಳಗೆ ಓಡಾಡುತ್ತದೆ, ಗೋಡೆಗೂ ನೆರೆಕಣಕ್ಕೂ ತಿಕ್ಕಾಡುತ್ತದೆ. ಸುಮ್ಮನೆ ಅಂಟಿಕೊಂಡ ಪೊರೆ ಒಂದಲ್ಲ ಒಂದು ದಿನ ಕಳಚುತ್ತದೆ. ಹಾಗಾಗಿ ಕೂದಲನ್ನು ಅಂಟಿಸಿದರೆ ಸಾಲದು, ಬೇರು ಹಿಡಿಯುವಂತೆ ನಾಟಿ ಮಾಡಬೇಕು.

ನಾಟಿಯ ಕ್ರಮ ಹೀಗೆ. ಮೊದಲು ಗದ್ದೆ ಹದ ಮಾಡಬೇಕು: ಟೈಟಾನಿಯಂ ಡೈಆಕ್ಸೈಡ್ ಕಣದ ಮೇಲೆ ಗಾಜಿನ ಮೂಲವಸ್ತುವಾದ ಸಿಲಿಕಾದ ತೆಳು ಪದರ. ಇದಕ್ಕೆ ಎರಡು ಕಾರಣಗಳಿವೆ. ಮುಂದೆ ಬರುವ ರಾಸಾಯನಿಕಕ್ಕೆ ಸಿಲಿಕಾ ಚೆನ್ನಾಗಿ ಹಿಡಿತ ಕೊಡುತ್ತದೆ. ಇನ್ನೊಂದು, ಬಿಸಿಲು ಬಿದ್ದರೆ ಟೈಟಾನಿಯಂ ಡೈಆಕ್ಸೈಡ್ ತನ್ನ ಸುತ್ತಲಿನ ಪ್ಲಾಸ್ಟಿಕ್ಕನ್ನು ತಾನೇ ತಿನ್ನತೊಡಗುತ್ತದೆ. ಹಳೆಯ ಪೇಂಟಿನ ಗೋಡೆಗೆ ಒರಗಿದರೆ ಅಂಗಿಗೆ ಬಿಳಿ ಪುಡಿ ಹತ್ತುತ್ತದಲ್ಲ, ಅದರ ಹಿಂದೆ ಇರುವುದು ಬಹಳ ಸಲ ಇದೇ ಕೆಲಸ. ಸಿಲಿಕಾ ಪದರ ಅದಕ್ಕೆ ತಡೆ.

ಎರಡನೆಯ ಹಂತ ಸಿಲೇನ್. ಈ ಅಣುವಿನ ಒಂದು ತುದಿ ಸಿಲಿಕಾದಲ್ಲಿ ಗಟ್ಟಿಯಾಗಿ ಕೂರುತ್ತದೆ, ಇನ್ನೊಂದು ತುದಿ ಪಾಲಿಮರ್ ಸರಪಳಿಗೆ ಕೊಂಡಿಯಾಗಲು ತೆರೆದಿರುತ್ತದೆ. ಮೂರನೆಯದು ಪಾಲಿಮರ್ ಎಂಬ ಉದ್ದನೆಯ ಅಣು, ನಾನು ಕೂದಲು ಎಂದದ್ದು ಇದನ್ನೇ. ಕಣಗಳನ್ನು ಟಾಲ್ವೀನ್ ಎಂಬ ದ್ರಾವಕದಲ್ಲಿ ಕದಡಿ, ಲಾರಿಲ್ ಮೆಥಾಕ್ರಿಲೇಟಿನಂಥ ವಸ್ತು ಸೇರಿಸಿ, ನೈಟ್ರೋಜನ್ ಹರಿಸುತ್ತ 65–70 ಡಿಗ್ರಿ ಶಾಖದಲ್ಲಿ ಗಂಟೆಗಳ ಕಾಲ ತಿರುಗಿಸುತ್ತಾರೆ. ಲಾರಿಲ್ ಎಂದರೆ ಹನ್ನೆರಡು ಇಂಗಾಲದ ಉದ್ದನೆಯ ಬಾಲ. ಅದು ಎಣ್ಣೆಯನ್ನು ಇಷ್ಟಪಡುತ್ತದೆ, ಆದ್ದರಿಂದ ಎಣ್ಣೆಯಲ್ಲಿ ಮುದುಡದೆ ಹರವಿಕೊಂಡು ನಿಲ್ಲುತ್ತದೆ. ಆಮೇಲೆ ತೊಳೆತ: ಸೆಂಟ್ರಿಫ್ಯೂಜಿನಲ್ಲಿ ತಿರುಗಿಸು, ಮೇಲಿನ ದ್ರವ ಚೆಲ್ಲು, ಹೊಸ ದ್ರವ ಹಾಕಿ ಕದಡು, ಮತ್ತೆ ತಿರುಗಿಸು. ಬೇರು ಹಿಡಿಯದ ಪಾಲಿಮರ್ ಎಲ್ಲ ಹೋಗುವವರೆಗೂ ಇದೇ ಕೆಲಸ. ಇ-ಶಾಯಿಯ ತಯಾರಿಯಲ್ಲಿ ತಾಳ್ಮೆ ಬೇಡುವ ಭಾಗ ಇದು.

ಎಷ್ಟು ಪಾಲಿಮರ್ ಕೂತಿದೆ ಎಂದು ನೋಡಲು ಪುಡಿಯನ್ನು ಕಾಸಿ, ಸುಟ್ಟುಹೋದ ತೂಕವನ್ನು ಅಳೆಯುತ್ತಾರೆ. ಕಣದ ತೂಕದ ಶೇಕಡಾ 4ರಿಂದ 15ರ ನಡುವೆ ಎಲ್ಲೋ ಇರಬೇಕು. ಕಡಿಮೆಯಾದರೆ ಗಂಟು. ಹೆಚ್ಚಾದರೆ ಕಣ ಕಂಬಳಿ ಹೊದ್ದವರ ಹಾಗೆ ನಿಧಾನವಾಗಿ ಚಲಿಸುತ್ತದೆ. ಕಾರ್ಬನ್ ಬ್ಲ್ಯಾಕಿಗೆ ಸಿಲೇನ್ ದಾರಿ ಒಗ್ಗುವುದಿಲ್ಲ, ಅದರ ಮೈಮೇಲೆ ಡಯಾಜೋನಿಯಂ ಎಂಬ ಬೇರೆ ಜಾತಿಯ ರಾಸಾಯನಿಕದಿಂದ ಕೊಂಡಿ ಕೂರಿಸಬೇಕು. ಈ ಮಾತನ್ನು ನೆನಪಿಡಿ, ಬಣ್ಣದ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಟೈಟಾನಿಯಂ ಡೈಆಕ್ಸೈಡ್ ನೀರಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿ ಭಾರ, ಎಣ್ಣೆ ನೀರಿಗಿಂತ ಹಗುರ. 0.3 ಮೈಕ್ರಾನಿನ ಒಂಟಿ ಕಣ ಇಂಥ ಎಣ್ಣೆಯಲ್ಲಿ ಸೆಕೆಂಡಿಗೆ ಸುಮಾರು 0.1 ಮೈಕ್ರಾನ್ ಇಳಿಯುತ್ತದೆ. 40 ಮೈಕ್ರಾನಿನ ಕ್ಯಾಪ್ಸೂಲು ದಾಟಲು ಆರೇಳು ನಿಮಿಷ ಸಾಕು. ಹಾಗಾದರೆ ಇ-ರೀಡರನ್ನು ಮೇಜಿನ ಮೇಲಿಟ್ಟು ಊಟ ಮುಗಿಸಿ ಬರುವಷ್ಟರಲ್ಲಿ ಪುಟ ಅಳಿಸಿಹೋಗಬೇಕಿತ್ತು. ಹೋಗುವುದಿಲ್ಲ, ತಿಂಗಳುಗಟ್ಟಲೆ ನಿಲ್ಲುತ್ತದೆ. ಅಂದರೆ ಕಣಗಳು ಗೋಡೆಯ ಬಳಿ ಒಂದನ್ನೊಂದು ಹಿಡಿದುಕೊಂಡು ನಿಂತಿವೆ.

ಇಡೀ ವಿಷಯದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಇದು. ಅಂಟಬಾರದು ಎಂದು ಅಷ್ಟು ಕಷ್ಟಪಟ್ಟು ಕೂದಲು ನೆಟ್ಟ ಕಣಗಳು ಈಗ ಸ್ವಲ್ಪ ಅಂಟಬೇಕು, ಆದರೆ 15 ವೋಲ್ಟಿಗೆ ಬಿಟ್ಟುಬಿಡುವಷ್ಟೇ ಅಂಟಬೇಕು. ಅದಕ್ಕಾಗಿ ಎಣ್ಣೆಗೆ ಪಾಲಿಐಸೊಬ್ಯುಟಿಲೀನ್ ಎಂಬ ಉದ್ದನೆಯ ಪಾಲಿಮರನ್ನು ಬೆರೆಸುತ್ತಾರೆ. ಇದು ಕಣದ ಮೈಗೆ ಹತ್ತುವುದಿಲ್ಲ, ಎಣ್ಣೆಯಲ್ಲೇ ಉಂಡೆಯಾಗಿ ಓಡಾಡಿಕೊಂಡಿರುತ್ತದೆ. ಎರಡು ಕಣಗಳ ನಡುವಿನ ಸಂದಿಗೆ ಈ ಉಂಡೆ ನುಗ್ಗಲಾಗದಾಗ ಹೊರಗಿನ ಉಂಡೆಗಳೆಲ್ಲ ಸೇರಿ ಕಣಗಳನ್ನು ಒತ್ತಿ ಹಿಡಿಯುತ್ತವೆ. ಕೂದಲ ಪೊರೆ ಗಟ್ಟಿಯಾಗಿದ್ದರೆ ಮಾತ್ರ ಈ ಅಪ್ಪುಗೆ ಸಡಿಲವಾಗಿ ಉಳಿಯುತ್ತದೆ. ಪೊರೆಯಲ್ಲಿ ಬೋಳು ಜಾಗವಿದ್ದರೆ ಅಲ್ಲಿ ಮೈಗೆ ಮೈ ತಾಗಿ ಬಿಡಿಸಲಾಗದ ಗಂಟಾಗುತ್ತದೆ.

ಕಣಕ್ಕೆ ವಿದ್ಯುದಂಶ ಕೊಡಲು ಎಣ್ಣೆಗೆ ಸೋಪಿನ ಗುಣದ ಸರ್ಫ್ಯಾಕ್ಟಂಟ್ ಸೇರಿಸುವುದುಂಟು. ಅದರ ಅಣುಗಳು ಪುಟ್ಟ ಗುಂಪು ಕಟ್ಟಿಕೊಂಡು ವಿದ್ಯುದಂಶವನ್ನು ಒಳಗಿಟ್ಟುಕೊಳ್ಳುತ್ತವೆ. ಹೆಚ್ಚಾಗಿ ಉಳಿದ ಗುಂಪುಗಳು ಮಾತ್ರ ತೊಂದರೆ ಕೊಡುತ್ತವೆ. ಅವು ತಮ್ಮ ಪಾಡಿಗೆ ಓಡಾಡಿ ಒಂದು ಕಡೆ ಸೇರಿ, ಹಿಂದಿನ ಪುಟದ ನೆರಳನ್ನು ಹೊಸ ಪುಟದ ಮೇಲೆ ಉಳಿಸುತ್ತವೆ. ಆ ನೆರಳನ್ನು ಅಳಿಸುವುದಕ್ಕೇ ಪರದೆ ಆಗಾಗ ಕಪ್ಪು–ಬಿಳಿ ಮಿಂಚುವುದು. ವಿದ್ಯುದಂಶ ಹಿಡಿಯುವ ಗುಂಪನ್ನು ಕಣದ ಪೊರೆಗೇ ಹೆಣೆದುಬಿಟ್ಟರೆ ಎಣ್ಣೆಯಲ್ಲಿ ಅಲೆದಾಡುವ ಪಾಲು ಕಡಿಮೆಯಾಗುತ್ತದೆ. ಚಳಿಯಲ್ಲಿ ಪರದೆ ನಿಧಾನವಾಗುವುದಕ್ಕೆ ಎಣ್ಣೆ ಗಟ್ಟಿಯಾಗುವುದು ಕಾರಣ, ಅದಕ್ಕೆ ತಕ್ಕಂತೆ ವೋಲ್ಟೇಜಿನ ತಾಳ ಬದಲಿಸಲು ಸಾಧನದಲ್ಲಿ ತಾಪಮಾಪಕ ಇರುತ್ತದೆ.

ಇನ್ನು ಬಣ್ಣ. ಸುಲಭದ ದಾರಿ ಎಂದರೆ ಕಪ್ಪು–ಬಿಳಿ ಪರದೆಯ ಮೇಲೆ ಕೆಂಪು, ಹಸಿರು, ನೀಲಿ ಫಿಲ್ಟರ್ ಕೂರಿಸುವುದು. ಟ್ರೈಟನ್ ಎಂಬ ಹೆಸರಿನಲ್ಲಿ 2010ರಲ್ಲೇ ಅದು ಬಂದಿತ್ತು, ಇಂದಿನ ಕೆಲೈಡೊ ಪರದೆಗಳೂ ಅದೇ ಜಾತಿ. ಆದರೆ ಇ-ಶಾಯಿಯ ಬಿಳಿ ಬೀಳುವ ಬೆಳಕಿನಲ್ಲಿ ಸುಮಾರು 40 ಶೇಕಡಾ ಮಾತ್ರ ಹಿಂದಿರುಗಿಸುತ್ತದೆ, ಸುದ್ದಿಪತ್ರಿಕೆಯ ಕಾಗದಕ್ಕಿಂತಲೂ ಕಡಿಮೆ. ಅದರ ಮೇಲೆ ಫಿಲ್ಟರ್ ಇಟ್ಟರೆ ಉಳಿದದ್ದರಲ್ಲೂ ದೊಡ್ಡ ಪಾಲು ನುಂಗಿಹೋಗುತ್ತದೆ. ಕೆಲೈಡೊ 3ರಲ್ಲಿ ಕಪ್ಪು ಅಕ್ಷರಕ್ಕೆ ಅಂಗುಲಕ್ಕೆ 300 ಚುಕ್ಕಿ ಸಿಕ್ಕರೆ ಬಣ್ಣಕ್ಕೆ ಸಿಗುವುದು 150. ಒತ್ತಕ್ಷರದ ಕೆಳಗೆ ಒತ್ತಕ್ಷರ ಬರುವ ನಮ್ಮ ಲಿಪಿ ಕಪ್ಪಿನಲ್ಲಿ ಚೆನ್ನಾಗಿ ಮೂಡುತ್ತದೆ. ಬಣ್ಣದ ಶೀರ್ಷಿಕೆಯಲ್ಲಿ ‘ಸ್ತ್ರೀ’ ಬರೆದರೆ ಅಂಚು ಮಸುಕಾಗುತ್ತದೆ.

ಕಷ್ಟದ ದಾರಿ ಎಂದರೆ ಕಣಗಳಿಗೇ ಬಣ್ಣ ಕೊಡುವುದು. 2016ರಲ್ಲಿ ಇ ಇಂಕ್ ಕಂಪನಿ ತೋರಿಸಿದ ಪದ್ಧತಿಯಲ್ಲಿ ಒಂದೇ ಹೊಂಡದಲ್ಲಿ ಬಿಳಿ, ಹಳದಿ, ಸಯಾನ್, ಮಜೆಂಟಾ ಎಂಬ ನಾಲ್ಕು ಜಾತಿಯ ಕಣಗಳಿವೆ. ಎಲ್ಲವನ್ನೂ ನಡೆಸುವ ಲಗಾಮು ಒಂದೇ, ವೋಲ್ಟೇಜು. ಮೇಲೆ–ಕೆಳಗೆ ಎಂಬ ಎರಡೇ ದಿಕ್ಕಿರುವಾಗ ನಾಲ್ಕನ್ನು ಬೇರೆ ಬೇರೆ ಮಾಡುವುದು ಹೇಗೆ?

ಉತ್ತರ ಮತ್ತೆ ಪೊರೆಯಲ್ಲಿದೆ. ಕೆಲವು ಕಣಗಳಿಗೆ ದಟ್ಟ ಕೂದಲು, ಕೆಲವಕ್ಕೆ ವಿರಳ. ವಿರುದ್ಧ ವಿದ್ಯುದಂಶದ ಎರಡು ಕಣಗಳು ಜೋಡಿಯಾದಾಗ ಇಬ್ಬರಿಗೂ ವಿರಳ ಕೂದಲಿದ್ದರೆ ಬಹಳ ಹತ್ತಿರ ಬಂದು ಬಿಗಿಯಾಗಿ ಕಚ್ಚಿಕೊಳ್ಳುತ್ತವೆ, ಬಿಡಿಸಲು ಹೆಚ್ಚು ವೋಲ್ಟೇಜು ಬೇಕು. ದಟ್ಟ ಕೂದಲಿನ ಜೋಡಿ ದೂರದಲ್ಲೇ ನಿಂತು ಸಡಿಲವಾಗಿ ಹಿಡಿದಿರುತ್ತದೆ, ಕಡಿಮೆ ವೋಲ್ಟೇಜಿಗೇ ಬಿಟ್ಟುಕೊಡುತ್ತದೆ. ಹೀಗೆ ವೋಲ್ಟೇಜನ್ನು ಏರಿಸಿ ಇಳಿಸಿ ಒಂದೊಂದೇ ಜೋಡಿಯನ್ನು ಬಿಡಿಸುತ್ತ ಬೇಕಾದ ಬಣ್ಣವನ್ನು ಮೇಲಕ್ಕೆ ತರಬೇಕು. ಇಷ್ಟೆಲ್ಲ ಹೆಜ್ಜೆಗಳಿಗೆ ಸಮಯ ಹಿಡಿಯುತ್ತದೆ. 2022ರಲ್ಲಿ ಹೊರಬಂದ ಗ್ಯಾಲರಿ 3 ಪರದೆಯಲ್ಲಿ ಕಪ್ಪು–ಬಿಳಿ ಪುಟಕ್ಕೆ 350 ಮಿಲಿಸೆಕೆಂಡು ಸಾಕು, ಅತ್ಯುತ್ತಮ ಬಣ್ಣಕ್ಕೆ 1500 ಬೇಕು. ಅಂಗಡಿಗಳ ಜಾಹೀರಾತು ಫಲಕಗಳಿಗೆ ಬಳಸುವ ಸ್ಪೆಕ್ಟ್ರಾ 6ರಲ್ಲಿ ಒಂದು ಚಿತ್ರ ಬದಲಾಗಲು ಹತ್ತಾರು ಸೆಕೆಂಡುಗಳೇ ಹಿಡಿಯುತ್ತವೆ. ಆ ನಿಧಾನವನ್ನು ಪ್ರೊಸೆಸರ್ ಬದಲಿಸಿ ಸರಿಪಡಿಸಲಾಗದು.

ನೆನಪಿಡಿ ಎಂದಿದ್ದೆನಲ್ಲ, ಕಾರ್ಬನ್ನಿಗೆ ಸಿಲೇನ್ ಒಗ್ಗದು ಎಂಬ ಮಾತು. ಬಣ್ಣದ ಕಣಗಳ ಪಾಡೂ ಅದೇ. ಸಯಾನ್, ಮಜೆಂಟಾ ವರ್ಣಕಗಳು ಸಾಮಾನ್ಯವಾಗಿ ಸಾವಯವ ರಾಸಾಯನಿಕಗಳು. ಸಿಲೇನ್ ಬೇರೂರಲು ಬೇಕಾದ ಜಾಗ ಅವುಗಳ ಮೈಮೇಲೆ ಇರುವುದಿಲ್ಲ. ಒಂದೊಂದು ಬಣ್ಣಕ್ಕೂ ಬೇರೆ ಗದ್ದೆ, ಬೇರೆ ನಾಟಿ. ಅಷ್ಟಾದ ಮೇಲೆ ನಾಲ್ಕರ ಪೊರೆಯೂ ಒಂದಕ್ಕೊಂದು ಹೊಂದಬೇಕು, ಒಂದರ ಕೂದಲು ತುಸು ಹೆಚ್ಚಾದರೂ ಇಡೀ ಲೆಕ್ಕ ತಪ್ಪುತ್ತದೆ. ಹದಿನೇಳು ವರ್ಷ ಎಲ್ಲಿ ಹೋಯಿತೆಂದು ಕೇಳಿದರೆ ನಾನು ಇಲ್ಲಿಗೆ ಬೊಟ್ಟು ಮಾಡುತ್ತೇನೆ.

ನಮ್ಮ ದೇಶದ ಮಾತಿಗೆ ಬರೋಣ. ಕೇರಳದ ಚವರ ಕರಾವಳಿಯ ಕಪ್ಪು ಮರಳಿನಲ್ಲಿ ಟೈಟಾನಿಯಂ ಅದಿರು ಇಲ್ಮೆನೈಟ್ ಇದೆ. ಅಲ್ಲಿನ ಕೇರಳ ಮಿನರಲ್ಸ್ ಅಂಡ್ ಮೆಟಲ್ಸ್ ಎಂಬ ಸರ್ಕಾರಿ ಕಂಪನಿ ಅದರಿಂದ ರೂಟೈಲ್ ದರ್ಜೆಯ ಬಿಳಿ ಪುಡಿ ತಯಾರಿಸುತ್ತದೆ. ಇ-ಶಾಯಿಗೆ ಬೇಕಾದ ಹರಳಿನ ರೂಪವೂ ರೂಟೈಲೇ. ಪೇಂಟಿಗೆ ಹೋಗುವಾಗ ಈ ಪುಡಿಯ ಬೆಲೆ ಕಿಲೋಗೆ ಕೆಲವು ನೂರು ರೂಪಾಯಿ. ಆರು ಅಂಗುಲದ ಇ-ರೀಡರಿಗೆ ಎಷ್ಟು ಬೇಕೆಂದು ಅಂದಾಜು ಹಾಕಿದರೆ ಒಂದು ಗ್ರಾಂ ಕೂಡ ಆಗುವುದಿಲ್ಲ. ಮರಳಿಗೂ ಪರದೆಗೂ ನಡುವಿನ ಬೆಲೆಯ ಅಂತರದಲ್ಲಿ ಪೊರೆಯ ವಿದ್ಯೆಯ ಪಾಲು ದೊಡ್ಡದು, ಆ ವಿದ್ಯೆಯ ಬಹುಪಾಲು ಇಂದು ಇ ಇಂಕ್ ಕಂಪನಿಯ ಕೈಯಲ್ಲಿದೆ. ಎಂಐಟಿಯಿಂದ ಹೊರಟ ಆ ಕಂಪನಿಯನ್ನು ತೈವಾನಿನವರು 2009ರಲ್ಲಿ ಕೊಂಡರು. 1990ರ ದಶಕದ ಮೂಲ ಪೇಟೆಂಟುಗಳ 20 ವರ್ಷ ಮುಗಿದಿದೆ. ಆದರೂ ಪೈಪೋಟಿ ಬೆಳೆಯದಿರುವುದನ್ನು ನೋಡಿದರೆ, ಕಾಗದದ ಮೇಲಿನ ಹಕ್ಕಿಗಿಂತ ಕೈಯ ಹದ ದೊಡ್ಡದು ಅನ್ನಿಸುತ್ತದೆ.

ಇದನ್ನು ಬರೆಯುವಾಗ ಬೆಂಗಳೂರಿನ ಇನ್ನೊಂದು ಪ್ರಸಂಗ ನೆನಪಾಗಿ ಮನಸ್ಸು ನೋಯುತ್ತದೆ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರು ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು (ಲಿಕ್ವಿಡ್ ಕ್ರಿಸ್ಟಲ್) ಜಗತ್ತಿನಲ್ಲೇ ಮೊದಲು ಕಂಡರು. ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದಾಗಲೂ ಚಿತ್ರ ಕೆಡದಂತೆ ಮಾಡುವ ಪೊರೆಯನ್ನು 1990ರ ದಶಕದಲ್ಲಿ ಅದೇ ಬಗೆಯ ಅಣುಗಳಿಂದ ತಯಾರಿಸಿ ಮಾರಿದ್ದು ಜಪಾನಿನ ಫ್ಯೂಜಿ ಕಂಪನಿ. ಚಂದ್ರಶೇಖರ್ ಅವರು 1991ರಲ್ಲಿ ಕಟ್ಟಿದ ದ್ರವಸ್ಫಟಿಕ ಸಂಶೋಧನಾ ಕೇಂದ್ರ ಇಂದು ನ್ಯಾನೊ ಮತ್ತು ಮೃದು ವಸ್ತುಗಳ ಕೇಂದ್ರವಾಗಿ ಬೆಂಗಳೂರಿನಲ್ಲೇ ಇದೆ. ಕಣದ ಮೈಗೆ ಕೂದಲು ನೆಡುವ ವಿದ್ಯೆ ಅಂಥ ಕಡೆಗಳಲ್ಲಿ ದಿನನಿತ್ಯದ ಪಾಠ.

2021ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಚಿಪ್ ಮತ್ತು ಪರದೆ ಕಾರ್ಖಾನೆಗಳಿಗಾಗಿ 76,000 ಕೋಟಿ ರೂಪಾಯಿಯ ಯೋಜನೆ ಸಾರಿತು. ಪರದೆ ಕಾರ್ಖಾನೆ ಬೇಡ ಎನ್ನುವವನಲ್ಲ ನಾನು. ಆದರೆ ಅದಕ್ಕೆ ಸಾವಿರಾರು ಕೋಟಿ ಬೇಕು. ಪೊರೆಯ ಕೆಲಸ ಶುರು ಮಾಡಲು ಬೇಕಾದದ್ದು ಗಾಜಿನ ಪಾತ್ರೆ, ನೈಟ್ರೋಜನ್ ಸಿಲಿಂಡರ್, ಸೆಂಟ್ರಿಫ್ಯೂಜ್ ಮತ್ತು ವರ್ಷಗಟ್ಟಲೆ ಕೈಬಿಡದ ಒಂದು ತಂಡ. ಚವರದ ಪುಡಿಯೂ ಬೆಂಗಳೂರಿನ ಪ್ರಯೋಗಾಲಯವೂ ಒಂದು ರಾತ್ರಿಯ ರೈಲಿನ ದೂರದಲ್ಲಿವೆ. ಮೊದಲ ಹಣ ಇಲ್ಲಿಗೆ ಬರಬೇಕು ಎನ್ನುವುದು ನನ್ನ ಕೋರಿಕೆ.

ನಾಟಿ ಹಿಡಿಯಿತೇ ಇಲ್ಲವೇ ಎಂದು ತಿಳಿಯಲು ದುಬಾರಿ ಯಂತ್ರವೂ ಬೇಕಿಲ್ಲ. ಎರಡು ಸಣ್ಣ ಬಾಟಲಿಗಳಲ್ಲಿ ಎಣ್ಣೆ ತುಂಬಿ, ಒಂದಕ್ಕೆ ಬೋಳು ಪುಡಿ, ಇನ್ನೊಂದಕ್ಕೆ ಕೂದಲು ನೆಟ್ಟ ಪುಡಿ ಹಾಕಿ ಚೆನ್ನಾಗಿ ಕುಲುಕಿ ಕಿಟಕಿಯ ಬಳಿ ಇಡಬೇಕು. ಬೋಳು ಪುಡಿ ಗಂಟು ಕಟ್ಟಿ, ಚಹಾ ಕುಡಿದು ಬರುವಷ್ಟರಲ್ಲಿ ತಳ ಸೇರಿ ಉಬ್ಬಿದ ಗಷ್ಟಾಗುತ್ತದೆ, ಮೇಲೆ ಎಣ್ಣೆ ತಿಳಿಯಾಗಿ ನಿಲ್ಲುತ್ತದೆ. ಇನ್ನೊಂದು ಬಾಟಲಿ ಮಾರನೆಯ ಬೆಳಿಗ್ಗೆಯೂ ಹಾಲಿನಂತೆ ಬೆಳ್ಳಗಿರುತ್ತದೆ, ಮೇಲ್ಗಡೆ ಕೆಲವು ಮಿಲಿಮೀಟರಿನಷ್ಟು ಮಾತ್ರ ತಿಳಿಯಾಗಿರುತ್ತದೆ.